ಐದನೇ ಕಿಂಡಿ

"ನಿಮ್ಮ ಡಬ್ಬಿ ಸತ್ತೋಗಿದೆ ಮೇಡಮ್. ನೀವೇ ಬಂದು ನೋಡ್ತೀರಾ, ಇಲ್ಲಾ ಬಿಚ್ಚಿ ಬಸ್ಸಿಗೆ ಹಾಕಿ ಕಳಿಸ್ಲಾ?"

೨೦೦೭ರ ವಿಜಯದಶಮಿಯ ಮಾರನೆಯ ಬೆಳಿಗ್ಗೆ, ಬಾಯಲ್ಲಿದ್ದ ಇಡ್ಲಿ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಫೋನಿನಲ್ಲಿ ಈ ಮಾತು ಬಂತು. ಮಾತಾಡಿದವನು ಬಾಣಾವರದ ತೆಂಗಿನ ಪುಡಿ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುವ ಲಕ್ಷ್ಮೀಶ. ಅವನ ಮುಖ ನಾನು ನೋಡಿರಲಿಲ್ಲ. ದನಿ ಚೆನ್ನಾಗಿತ್ತು, ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

"ನನ್ನ ಡಬ್ಬಿ ಸಾಯಲ್ಲ ರೀ. ಒಂದು ವೈರನ್ನೂ ಮುಟ್ಬೇಡಿ, ಬರ್ತಿದೀನಿ," ಎಂದು ಫೋನಿಟ್ಟೆ.

ಜಂಬ ಅಂತ ಬೇಕಾದರೆ ಅನ್ನಿ. ಆ ಡಬ್ಬಿಯೊಳಗಿನ ಸಾಫ್ಟ್‌ವೇರ್ ಬರೆದವಳು ನಾನು. ಹೆಸರು ಧನುಶ್ರೀ. ಅರಸೀಕೆರೆ ಜಂಕ್ಷನ್ನಿನಲ್ಲಿ ಇಪ್ಪತ್ತೆಂಟು ವರ್ಷ ರೈಲುಗಳಿಗೆ ಹಳಿ ಬದಲಿಸಿ ದಾರಿ ಮಾಡಿಕೊಡುವ ಪಾಯಿಂಟ್ಸ್‌ಮನ್ ಆಗಿದ್ದ ಮರಿಯಣ್ಣನ ಮಗಳು. ಹಾಸನ ರಸ್ತೆಯಲ್ಲಿ ಎರಡು ಕೋಣೆ, ನಾಲ್ಕು ಜನ, ತಲೆ ಮೇಲೊಂದು ಶೀಟು, ಅಷ್ಟೇ ನಮ್ಮ ಕಂಪನಿ. ಯಜಮಾನರು ಉಮಾಶಂಕರ್ ಸರ್. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಕಂಟ್ರೋಲ್ ಡಬ್ಬಿ ಮಾಡುತ್ತಿದ್ದೆವು. ಪ್ರತಿ ಡಬ್ಬಿಯ ಮೇಲೂ 'ಅರಸೀಕೆರೆಯಲ್ಲಿ ತಯಾರಾದದ್ದು' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದವರು ಅವರೇ.

ಬಾಣಾವರದ ಡಬ್ಬಿ ನಮ್ಮ ಮೊದಲ ದೊಡ್ಡ ಕೆಲಸ. ತೆಂಗಿನ ತುರಿ ಒಣಗಿಸುವ ಡ್ರೈಯರ್‌ನ ಶಾಖವನ್ನು ಅದು ನೋಡಿಕೊಳ್ಳುತ್ತಿತ್ತು. ಮುಂಭಾಗದಲ್ಲಿ ಕೇಬಲ್ ಸಿಕ್ಕಿಸಲು ಐದು ಕಿಂಡಿ. ಅವುಗಳ ಹಿಂದೆ, ಡಬ್ಬಿಯ ಹೊಟ್ಟೆಯಲ್ಲಿ, ಒಂದು ಈಥರ್ನೆಟ್ ಸ್ವಿಚ್ ಚಿಪ್. ಈ ಕಿಂಡಿಯಲ್ಲಿ ಬಂದ ಮಾಹಿತಿ ಯಾವ ಕಿಂಡಿಯಿಂದ ಹೊರಗೆ ಹೋಗಬೇಕು ಎಂದು ದಾರಿ ತೋರಿಸುವುದು ಚಿಪ್ಪಿನ ಕೆಲಸ. ಯಾವ ಕಿಂಡಿ ತೆರೆ, ಯಾವುದು ಮುಚ್ಚು ಎಂದು ಚಿಪ್ಪಿಗೆ ಅಪ್ಪಣೆ ಕೊಡುವುದು ನನ್ನ ಸಾಫ್ಟ್‌ವೇರಿನ ಕೆಲಸ. ಇದನ್ನು ಹೇಳಿದಾಗ ಅಪ್ಪ, "ಓ, ನೀನೂ ಪಾಯಿಂಟ್ಸ್‌ಮನ್ನೇ ಅನ್ನು," ಎಂದು ಮೀಸೆ ಸವರಿಕೊಂಡಿದ್ದರು.

ಕಾರ್ಖಾನೆಗೆ ಹೋದರೆ ಡ್ರೈಯರ್ ತಣ್ಣಗಾಗಿತ್ತು. ಬೆಲ್ಟಿನ ಮೇಲಿದ್ದ ತುರಿ ಹಳದಿಗಟ್ಟುತ್ತಿತ್ತು. ಕಾಯಿಯ ಕಂದು ಸಿಪ್ಪೆ ಹೆರೆಯುವ ಹೆಂಗಸರು ಕೆಲಸವಿಲ್ಲದೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಅವರಲ್ಲಿ ಹಿರಿಯಳಾದ ಹನುಮಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಡಬ್ಬಿ ಡಾಕ್ಟ್ರು ನೀನೇನವ್ವಾ? ಬೇಗ ಸೂಜಿ ಚುಚ್ಚು," ಎಂದಳು.

ಪ್ಯಾನೆಲ್ ಎದುರು ಅವನು ನಿಂತಿದ್ದ. ಇಸ್ತ್ರಿ ಮುರಿಯದ ಖಾಕಿ ಅಂಗಿ, ಜೇಬಿನಲ್ಲಿ ಟೆಸ್ಟರ್, ಮಡಿಸಿದ ತೋಳು, ಮುಂಗೈಯಲ್ಲಿ ಒಂದು ಹಳೆಯ ಸುಟ್ಟ ಗಾಯ. ಅಷ್ಟು ಚೆಂದದ ಕಣ್ಣಿನವನು ಬಸ್ಸಿಗೆ ಹಾಕಿ ಕಳಿಸ್ಲಾ ಅಂತ ಕೇಳಬಾರದಿತ್ತು.

ಆದರೆ ಅವನಿಗಿಂತ ಮುಂಚೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಪ್ಯಾನೆಲ್. ಒಂದು ವೈರು ಇನ್ನೊಂದರ ಮೇಲೆ ಬಿದ್ದಿರಲಿಲ್ಲ. ಪ್ರತಿ ಗುಂಡಿಯ ಕೆಳಗೂ ಅಲ್ಯೂಮಿನಿಯಂ ಪಟ್ಟಿ, ಅದರ ಮೇಲೆ ಕೈಯಲ್ಲೇ ಕೊರೆದ ದುಂಡನೆಯ ಕನ್ನಡ ಅಕ್ಷರ: 'ಬಿಸಿಗಾಳಿ ಫ್ಯಾನು', 'ಬೆಲ್ಟು', 'ಜರಡಿ'. ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಮುಡಿಸಲಾಗಿತ್ತು.

"ಇವನ್ನೆಲ್ಲ ಯಾರು ಕೊರೆದಿದ್ದು?"

"ನಾನೇ. ಡಬ್ಬಿ ನೋಡಿ ಮೇಡಮ್."

ನೋಡಿದೆ. ದೀಪಗಳು ಹುಚ್ಚು ಹಿಡಿದ ಹಾಗೆ ಮಿಣುಕುತ್ತಿದ್ದವು. ಸತ್ತ ಡಬ್ಬಿ ಹೀಗೆ ಮಿಣುಕುವುದಿಲ್ಲ.

"ಯಾರೋ ವೈರು ಬದಲಾಯಿಸಿದಾರೆ," ಎಂದೆ.

"ನನ್ನ ಪ್ಯಾನೆಲ್‌ಗೆ ನಾನಲ್ಲದೆ ಇನ್ನೊಬ್ರು ಕೈ ಹಾಕಲ್ಲ."

"ಹಂಗಾದ್ರೆ ಕಳ್ಳ ಸಿಕ್ಕ."

ನಾನು ಐದನೇ ಕಿಂಡಿಯಿಂದ ಕೇಬಲ್ ಎಳೆದೆ. ಅದರ ಜೊತೆ ಒಂದು ಹಳದಿ ಸೇವಂತಿಗೆ ಎಸಳೂ ಹೊರಗೆ ಬಂತು. ದೀಪಗಳು ಶಾಂತವಾದವು. ಸ್ವಲ್ಪ ಹೊತ್ತಿಗೆ ಡ್ರೈಯರ್‌ನ ಫ್ಯಾನು ಗುಂಯ್ ಎಂದು ತಿರುಗಿತು. ಹೆಂಗಸರು ಹೋ ಎಂದರು.

ಅವನು ನನ್ನ ಅಂಗೈಯಲ್ಲಿದ್ದ ಎಸಳನ್ನು ನೋಡಿದ. ಕಿವಿಯ ತುದಿಯವರೆಗೆ ಕೆಂಪಾದ.

"ಆಯುಧ ಪೂಜೆಗೆ ಎಲ್ಲಾ ಬಿಚ್ಚಿ, ಒರೆಸಿ, ವಾಪಸ್ ಸಿಕ್ಕಿಸ್ದೆ," ಎಂದ ಮೆಲ್ಲಗೆ. "ನಾಲ್ಕನೇ ಕಿಂಡಿಯಲ್ಲಿ ಒಂದು ವೈರು ಸುಮ್ನೆ ಜೋತಾಡ್ತಿತ್ತು. ತಾಯಿ ಮುಂದೆ ಅಷ್ಟು ಅಚ್ಚುಕಟ್ಟಾದ ಪ್ಯಾನೆಲ್‌ನಲ್ಲಿ ಜೋತಾಡೋ ವೈರು ಯಾಕೆ ಅಂತ, ಅದರ ತುದೀನ ಪಕ್ಕದ ಖಾಲಿ ಕಿಂಡಿಗೆ ಸಿಕ್ಕಿಸ್ಬಿಟ್ಟೆ."

ಆ ಜೋತಾಡುವ ವೈರು ನನ್ನದೇ. ಲ್ಯಾಪ್‌ಟಾಪ್ ಜೋಡಿಸಲು ಬೇಕಾಗುತ್ತದೆ ಎಂದು ಡಬ್ಬಿ ಕಳಿಸುವಾಗಲೇ ಸಿಕ್ಕಿಸಿ ಕಳಿಸಿದ್ದೆ. ಅವನು ಅದನ್ನು ಮಾಲೆ ಮಾಡಿದ್ದ. ನಾಲ್ಕರಿಂದ ಹೊರಟ ಮಾಹಿತಿ ಐದರಲ್ಲಿ ಒಳಗೆ ಬಂದು, ಮತ್ತೆ ನಾಲ್ಕರಲ್ಲಿ ಹೊರಟು, ಸುತ್ತಿದ್ದೇ ಸುತ್ತಿದ್ದು. ಆ ನೂಕುನುಗ್ಗಲಲ್ಲಿ ಶಾಖದ ಮೀಟರಿನ ಮಾತು ಡಬ್ಬಿಗೆ ಕೇಳಿಸಲೇ ಇಲ್ಲ. ಕೇಳಿಸದಿದ್ದರೆ ಬೆಂಕಿ ಆರಿಸು ಎಂದು ನಾನೇ ಬರೆದಿದ್ದೆ, ಆರಿಸಿತ್ತು.

ಗೆದ್ದವಳು ನಾನು. ಇನ್ನೇನು ಚುಚ್ಚಿ ಮಾತಾಡಬೇಕು, ಅಷ್ಟರಲ್ಲಿ ಕಾರ್ಖಾನೆಯ ಯಜಮಾನರು ಕಲ್ಲೇಶಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು.

"ಏನಾಗಿತ್ತು?"

ನಾನು ಬಾಯಿ ತೆರೆಯುವ ಮುಂಚೆ ಲಕ್ಷ್ಮೀಶ ಹೇಳಿದ. "ತಪ್ಪು ನಂದು ಸಾರ್. ಪೂಜೆ ದಿನ ವೈರು ತಪ್ಪು ಸಿಕ್ಕಿಸಿದ್ದೆ."

ಕಾರಣ ಹೇಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಅಲ್ಲಿದ್ದ ಇಪ್ಪತ್ತು ಹೆಂಗಸರ ಮುಂದೆ ನೆಟ್ಟಗೆ ನಿಂತು ಹೇಳಿದ. ನನ್ನ ಬಾಯಿಯೂ ತಾನಾಗಿ ಆಡಿತು.

"ಇಲ್ಲ ಸರ್, ತಪ್ಪು ನಂದು. ಒಂದು ವೈರು ಸಿಕ್ಕಿಸಿದ್ದಕ್ಕೇ ಮಲಗೋ ಡಬ್ಬೀನ ನಂದು ಅಂತ ಹೇಳ್ಕೊಳ್ಳೋಕೆ ನಂಗೇ ನಾಚಿಕೆ. ಅದಕ್ಕೆ ಗೊತ್ತಾಗ್ಬೇಕಿತ್ತು."

ಕಲ್ಲೇಶಪ್ಪ ಇಬ್ಬರನ್ನೂ ನೋಡಿದರು. "ಆಸ್ತಿಗೆ ಕಿತ್ತಾಡೋರ್ನ ಕಂಡಿದೀನಿ, ತಪ್ಪಿಗೆ ಕಿತ್ತಾಡೋರ್ನ ಇವತ್ತೇ ನೋಡ್ತಿರೋದು. ನೋಡಮ್ಮ, ನಮ್ಮೂರ ಹೆಣ್ಮಗಳು ಮಾಡಿರೋ ಡಬ್ಬಿ ಅಂತ ಹಾಕಿಸ್ಕೊಂಡೆ. ಎಲ್ಲರೂ ನಕ್ಕರು. ದೀಪಾವಳಿ ಒಳಗೆ ಸರಿ ಮಾಡಿ ತೋರ್ಸು. ಯಾರು ಎಲ್ಲಿ ಏನ್ ಸಿಕ್ಕಿಸಿದ್ರೂ ಡ್ರೈಯರ್ ನಿಲ್ಲಬಾರ್ದು. ನಿಂತ್ರೆ ಹೊರಗಿಂದ ಒಂದು ತರಿಸ್ಕೋತೀನಿ, ಬೇಜಾರ್ ಮಾಡ್ಕೋಬೇಡ."

ಉಮಾಶಂಕರ್ ಸರ್‌ಗೆ ವಿಷಯ ತಿಳಿಸಿದಾಗ ಅವರು ಬೈಯಲಿಲ್ಲ. "ಆ ಡಬ್ಬಿ ವಾಪಸ್ ಬಂದ್ರೆ ಇನ್ನೊಂದು ಡಬ್ಬಿ ಇಲ್ಲಿಂದ ಹೊರಡಲ್ಲ ಕಣಮ್ಮ," ಎಂದರು ಅಷ್ಟೇ. ಬೈದಿದ್ದರೆ ವಾಸಿಯಾಗಿತ್ತು.

ಹದಿನೆಂಟು ದಿನವಿತ್ತು.

ಚಿಪ್ಪಿನ ಪುಸ್ತಕ ಇನ್ನೂರು ಪುಟ. ಮತ್ತೆ ಮೊದಲಿಂದ ಓದಿದೆ. ಡಬ್ಬಿ ಪ್ರತಿ ಸೆಕೆಂಡಿಗೊಮ್ಮೆ ಪ್ರತಿ ಕಿಂಡಿಯಿಂದಲೂ ತನ್ನದೇ ಗುರುತಿನ ಒಂದು ಚೀಟಿಯನ್ನು ಹೊರಗೆ ಕಳಿಸಬೇಕು. ಆ ಚೀಟಿ ಇನ್ನೊಂದು ಕಿಂಡಿಯಿಂದ ತನಗೇ ವಾಪಸ್ ಬಂದರೆ, ಎಲ್ಲೋ ಸುತ್ತು ಬಿದ್ದಿದೆ ಎಂದು ತಿಳಿದು ಕಿಂಡಿ ಮುಚ್ಚಬೇಕು. ಉಪಾಯ ಸುಲಭ. ಬರೆಯಲು ಒಂಬತ್ತು ದಿನ ಹಿಡಿಯಿತು.

ಪರೀಕ್ಷೆ ಮಾಡಲು ನಾನು ಬಾಣಾವರಕ್ಕೇ ಹೋಗಬೇಕಿತ್ತು. ಹೋಗಬೇಕಿತ್ತು ಎಂದು ಮನೆಯಲ್ಲಿ ಹೇಳುತ್ತಿದ್ದೆ. ಮೊದಲೆರಡು ಸಲ ಅದು ನಿಜವೂ ಆಗಿತ್ತು.

ಲಕ್ಷ್ಮೀಶ ಹಳೇಬೀಡಿನವನು. ಐಟಿಐ ಓದಿದವನು. ಊಟದ ಬಿಡುವಿನಲ್ಲಿ ನನ್ನ ಲ್ಯಾಪ್‌ಟಾಪಿನ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಕೇಳುತ್ತಿದ್ದ, ಗೊತ್ತಾದ ಮೇಲೆ ಅದನ್ನೇ ಹಿಡಿದು ಜಗ್ಗುತ್ತಿದ್ದ.

"ಈ ಚಿಪ್ಪಿಗೆ ನೀವು ಹೇಳಿದ್ದು ಕೇಳ್ಸುತ್ತಾ?"

"ಹೂಂ. ಒಳಗೆ ಎರಡು ಸಣ್ಣ ತಂತಿ ಇದೆ. ಅದರಲ್ಲಿ ಹೇಳ್ತೀನಿ, ಅದು ಬರ್ಕೊಳ್ಳುತ್ತೆ."

"ಎದುರು ಮಾತಾಡಲ್ವಾ?"

"ಇಲ್ಲ."

"ಅದಕ್ಕೇ ನಿಮಗೆ ಅದರ ಮೇಲೆ ಅಷ್ಟು ಪ್ರೀತಿ."

ನಾನು ತಿರುಗಿ ನೋಡಿದರೆ ಅವನು ಪರದೆಯನ್ನೇ ದಿಟ್ಟಿಸುತ್ತಿದ್ದ. ತುಟಿಯ ಒಂದು ಮೂಲೆ ಮಾತ್ರ ಅವನ ಮಾತು ಕೇಳದೆ ನಗುತ್ತಿತ್ತು. ನಾನೂ ಪರದೆ ನೋಡಿದೆ. ಏನು ಬರೆದಿದ್ದೆನೋ ಒಂದಕ್ಷರವೂ ಕಾಣಲಿಲ್ಲ.

ಇನ್ನೊಂದು ದಿನ ಹೊಸ ಪಟ್ಟಿಯೊಂದನ್ನು ಕೊರೆಯುತ್ತಾ ಕೇಳಿದ. "ಡಬ್ಬಿ ಮೇಲೆ ಕಂಪನಿ ಹೆಸರಿದೆ, ಊರ ಹೆಸರಿದೆ. ನಿಮ್ಮ ಹೆಸರೆಲ್ಲಿ?"

"ಸಾಫ್ಟ್‌ವೇರ್ ಬರೆದೋರ ಹೆಸರು ಯಾರು ಹಾಕ್ತಾರೆ? ಒಳಗಿರೋದು ಯಾರಿಗೆ ಕಾಣ್ಸುತ್ತೆ?"

"ನನ್ನ ಪಟ್ಟಿ ನೋಡಿ ಯಾರು ಕೊರೆದಿದ್ದು ಅಂತ ಕೇಳಿದ್ರಿ ನೀವು. ಈ ಆರು ವರ್ಷದಲ್ಲಿ ಕೇಳಿದೋರು ನೀವೊಬ್ರೇ." ಅವನು ಊದಿದಾಗ ಅಲ್ಯೂಮಿನಿಯಂ ಪುಡಿ ಹಾರಿತು. ತಲೆ ಎತ್ತದೆ ಹೇಳಿದ್ದರಿಂದ ನನ್ನ ಮುಖ ಅವನಿಗೆ ಕಾಣಲಿಲ್ಲ, ಒಳ್ಳೆಯದೇ ಆಯಿತು.

ಹತ್ತನೆಯ ದಿನ ರಾಜ್ಯೋತ್ಸವ, ಕಾರ್ಖಾನೆಗೆ ರಜೆ. ಬೆಲ್ಟು ಖಾಲಿ ಓಡಿಸಿ ಪರೀಕ್ಷೆ ಮಾಡಿದೆವು. ನಾಲ್ಕಕ್ಕೂ ಐದಕ್ಕೂ ವೈರು ಸಿಕ್ಕಿಸಿದೆ. ಎರಡು ಕಿಂಡಿಯೂ ಮುಚ್ಚಿಕೊಂಡವು, ಡ್ರೈಯರ್ ಓಡುತ್ತಲೇ ಇತ್ತು. ನಾನು ಕುಣಿಯುವುದೊಂದು ಬಾಕಿ.

"ಒಂದ್ನಿಮಿಷ," ಎಂದ ಲಕ್ಷ್ಮೀಶ. ಎರಡನೇ ಕಿಂಡಿಯ ಕೇಬಲ್ ಡ್ರೈಯರ್ ಬಳಿಯ ಮೀಟರುಗಳ ಪೆಟ್ಟಿಗೆಗೆ ಹೋಗುತ್ತಿತ್ತು; ಅದರೊಳಗೂ ಇಂಥದೇ ಒಂದು ಸ್ವಿಚ್ ಇತ್ತು. ಅದೇ ಪೆಟ್ಟಿಗೆಯಿಂದ ಇನ್ನೊಂದು ಕೇಬಲ್ ತಂದು ಐದಕ್ಕೆ ಸಿಕ್ಕಿಸಿದ. ಈಗ ಸುತ್ತು ಬಿದ್ದದ್ದು ಎರಡಕ್ಕೂ ಐದಕ್ಕೂ. ಡಬ್ಬಿ ತಕ್ಷಣ ಎರಡನ್ನೂ ಮುಚ್ಚಿತು. ಮೀಟರಿನ ಮಾತು ನಿಂತಿತು. ಫ್ಯಾನು ನರಳುತ್ತಾ ನಿಂತುಹೋಯಿತು.

"ಹಿಂಗೆ ಯಾರ್ರೀ ಸಿಕ್ಕಿಸ್ತಾರೆ?" ಎಂದು ಕೂಗಿದೆ.

"ನನ್ನಂಥೋರು. ಮುಂದಿನ ಆಯುಧ ಪೂಜೆಗೆ." ಅವನ ದನಿಯಲ್ಲಿ ಗೇಲಿ ಇರಲಿಲ್ಲ. "ಯಜಮಾನ್ರ ಮುಂದೆ ಆಗೋದಕ್ಕಿಂತ ನನ್ನ ಮುಂದೆ ಆಗ್ಲಿ ಅಂತ ಮಾಡ್ದೆ."

ನನಗೆ ಅಳು ಬಂತು. ಅಳುವುದನ್ನು ಯಾರಾದರೂ ನೋಡಿದರೆ ನನಗೆ ಆಗುವುದಿಲ್ಲ. ಅವನು ಪ್ಯಾನೆಲ್ ಕಡೆ ತಿರುಗಿ, ಬಿಗಿಯಾಗಿಯೇ ಇದ್ದ ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ಮತ್ತೆ ಬಿಗಿ ಮಾಡಿದ. ನಾನು ಮೂಗು ಒರೆಸಿಕೊಳ್ಳುವವರೆಗೂ ಮಾಡುತ್ತಲೇ ಇದ್ದ.

"ನಮ್ಮೂರಿಗೆ ಬರ್ತೀರಾ?" ಎಂದ ಆಮೇಲೆ. "ಒಂದು ತೋರಿಸ್ಬೇಕು."

ಜಾವಗಲ್ ಮೇಲೆ ಹೋಗುವ ಬಸ್ಸು. ಕಿಟಕಿ ಪಕ್ಕ ನಾನು, ನಡುವೆ ನನ್ನ ಲ್ಯಾಪ್‌ಟಾಪ್ ಬ್ಯಾಗು, ಆ ಕಡೆ ಅವನು. ಆ ಬ್ಯಾಗಿನ ಮೇಲೆ ನನಗೆ ಅವತ್ತು ಮೊದಲ ಸಲ ಕೋಪ ಬಂತು.

ಹಳೇಬೀಡಿನ ದೇವಸ್ಥಾನವನ್ನು ನಾನು ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿದ್ದೆ. ಅವನು ಜನ ನಿಂತು ಫೋಟೋ ತೆಗೆಯುವ ಕಡೆಯೆಲ್ಲ ಬಿಟ್ಟು, ಹೊರಗೋಡೆಯ ಒಂದು ವಿಗ್ರಹದ ಮುಂದೆ ಕರೆದೊಯ್ದು ಮಂಡಿಯೂರಿದ. ವಿಗ್ರಹದ ಪಾದದ ಕೆಳಗೆ ಹಳಗನ್ನಡದ ನಾಲ್ಕೈದು ಅಕ್ಷರ.

"ಇದು ದೇವರ ಹೆಸರಲ್ಲ, ರಾಜನದ್ದೂ ಅಲ್ಲ. ಕೆತ್ತಿದೋನ್ದು. ಬೇಲೂರಲ್ಲಂತೂ ಊರು, ಬಿರುದು ಎಲ್ಲಾ ಸೇರಿಸಿ ಕೊರ್ಕೊಂಡಿದಾರೆ. ಚಿಕ್ಕೋನಿದ್ದಾಗ ಇದರ ಮೇಲೆ ಬೆರಳಾಡ್ಸಿ ಆಡ್ಸೇ ನಾನು ಅಕ್ಷರ ದುಂಡಗೆ ಬರೆಯೋದು ಕಲಿತಿದ್ದು." ಅವನ ಬೆರಳು ಕಲ್ಲನ್ನು ಮುಟ್ಟದೆ ಅದರ ಮೇಲೆಯೇ ಓಡಿತು. "ಎಷ್ಟು ಸಲ ಉಳಿ ತಪ್ಪಿರುತ್ತೋ, ಎಷ್ಟು ಕಲ್ಲು ಒಡೆದಿರುತ್ತೋ. ಆದ್ರೂ ಇದನ್ನ ಮಾಡಿದೋನು ನಾನು ಅಂತ ಹೇಳೋಕೆ ಅವನಿಗೆ ಸಂಕೋಚ ಆಗ್ಲಿಲ್ಲ. ನಿಮಗೂ ಆಗ್ಬಾರ್ದು."

ನಾನು ಅಕ್ಷರ ನೋಡಲಿಲ್ಲ. ಬೆರಳನ್ನೇ ನೋಡಿದೆ. ಉಗುರಿನ ಸಂದಿಯಲ್ಲಿ ಗ್ರೀಸು, ಮುಂಗೈಯ ಆ ಗಾಯ. ಇವನನ್ನು ನಾನು ಪ್ರೀತಿಸುತ್ತಿದ್ದೇನೆ ಎಂದು ಅಲ್ಲಿ, ಆ ಬಿಸಿಲಲ್ಲಿ, ನನಗೆ ಸ್ಪಷ್ಟವಾಗಿ ತಿಳಿಯಿತು. ಹೇಳಲಿಲ್ಲ. ಡಬ್ಬಿ ಸೋತ ದಿನ ಹೇಳುವ ಮಾತಲ್ಲ ಅದು.

ಮಾರನೆಯ ಮಧ್ಯಾಹ್ನ ಮುದ್ದೆ ಮುರಿಯುತ್ತಾ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಬೆರಳಿನ ವಿಷಯ ಬಿಟ್ಟು.

"ಎರಡೂ ಲೈನಿಗೆ ಕೆಂಪು ಕೊಟ್ಟು ಕೂತ್ಕಂಡ್ರೆ ಜಂಕ್ಷನ್ ಯಾಕವ್ವಾ ಬೇಕು?" ಎಂದರು ಅಪ್ಪ. "ಮೈಸೂರು ಗಾಡಿನೂ ನಿಂತೋಯ್ತು, ಹುಬ್ಬಳ್ಳಿ ಗಾಡಿನೂ ನಿಂತೋಯ್ತು. ಯಾವ್ದು ಬಿಡ್ಬೇಕು ಅಂತ ಮೊದ್ಲೇ ಬರ್ದಿಟ್ಟಿರ್ತಾರೆ. ಮುಖ್ಯವಾದ್ದು ಓಡ್ಲಿ, ಇನ್ನೊಂದು ಕಾಯ್ಲಿ. ನಿಂದ್ರಲ್ಲಿ ಯಾವ್ದು ಮುಖ್ಯ?"

"ಎರಡನೇದು. ಮೀಟರಿಂದು."

"ಇನ್ನೇನ್ ಮತ್ತೆ? ಐದ್ನ ಕಾಯಿಸು."

ಮುದ್ದೆ ಕೈಯಲ್ಲೇ ಉಳಿಯಿತು. ಸಣ್ಣ ನಂಬರಿನ ಕಿಂಡಿ ಮುಖ್ಯ, ದೊಡ್ಡ ನಂಬರಿನದು ಕಾಯಬೇಕು. ಎರಡರಲ್ಲಿ ಒಂದನ್ನು ಮಾತ್ರ ಮುಚ್ಚಬೇಕು. ಹತ್ತು ಸಾಲೂ ಬೇಡ. ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತವಳಿಗೆ ಕೈಬಾವುಟ ಹಿಡಿದು ಕಲಿತ ಅಪ್ಪ ದಾರಿ ತೋರಿಸಿದ್ದರು.

ಅಮ್ಮ ಸಾರು ಬಡಿಸುತ್ತಾ ಕೇಳಿದಳು. "ಅದೆಲ್ಲ ಸರಿ. ಆ ಲಕ್ಷ್ಮೀಶ ಅನ್ನೋ ಹೆಸರು ಊಟಕ್ ಕೂತಾಗಿಂದ ಹನ್ನೊಂದ್ ಸಲ ಬಂತಲ್ಲ, ಅವನ್ಯಾರೇ?"

"ಎಲೆಕ್ಟ್ರಿಷಿಯನ್ ಕಣಮ್ಮಾ."

"ಹೂಂ, ಗೊತ್ತಾಯ್ತದೆ, ಮುಖದಲ್ಲೇ ಲೈಟ್ ಹಾಕವ್ನೆ."

ಅಪ್ಪ ಕೆಮ್ಮಿದರು. ಆದರೆ ನಗು ಮುಚ್ಚಿಕೊಳ್ಳಲು ಕೆಮ್ಮಿದ್ದು.

ದೀಪಾವಳಿಗೆ ಎರಡು ದಿನ ಮುಂಚೆ ಕಲ್ಲೇಶಪ್ಪ ಪ್ಯಾನೆಲ್ ಎದುರು ಕುರ್ಚಿ ಹಾಕಿಸಿ ಕೂತರು. ಪಕ್ಕದಲ್ಲಿ ಉಮಾಶಂಕರ್ ಸರ್, ಕೂರಲಾರದೆ ನಿಂತಿದ್ದರು. ಬೆಲ್ಟಿನ ತುಂಬ ಈ ಸಲ ನಿಜವಾದ ತುರಿ. ಹೆಂಗಸರೆಲ್ಲ ಕೈ ಒರೆಸಿಕೊಂಡು ಸುತ್ತ ಸೇರಿದ್ದರು.

ನಾನೇ ವೈರು ಸಿಕ್ಕಿಸಲು ಮುಂದಾದೆ. ಕಲ್ಲೇಶಪ್ಪ ಕೈ ಎತ್ತಿದರು. "ನೀನು ಬೇಡ, ಇವನೂ ಬೇಡ. ಹನುಮಮ್ಮ, ಬಾ ಇಲ್ಲಿ. ನಿಂಗೆಲ್ಲಿ ಚಂದ ಕಾಣ್ತದೋ ಅಲ್ಲಿ ಸಿಕ್ಕಿಸು."

ಹನುಮಮ್ಮ ಕೇಬಲ್ ಕೈಗೆ ತಗೊಂಡು ಸೌತೆಕಾಯಿ ಆರಿಸುವವಳ ಹಾಗೆ ಕಿಂಡಿಗಳನ್ನು ನೋಡಿದಳು. ಒಂದು ತುದಿ ಮೀಟರಿನ ಪೆಟ್ಟಿಗೆಗೆ ಹೋಯಿತು. ಇನ್ನೊಂದು ಐದನೇ ಕಿಂಡಿಗೆ. ಅವಳಿಗೆ ಸಮಾಧಾನವಾಗಲಿಲ್ಲ. ಇನ್ನೊಂದು ಕೇಬಲ್ ಇಸಕೊಂಡು ಅದನ್ನು ಪೆಟ್ಟಿಗೆಗೂ ನಾಲ್ಕಕ್ಕೂ ಸಿಕ್ಕಿಸಿದಳು. ಎರಡು ಸುತ್ತು ಒಟ್ಟಿಗೆ! ಅದನ್ನು ನಾವು ಪರೀಕ್ಷೆ ಮಾಡಿಯೇ ಇರಲಿಲ್ಲ.

ದೀಪಗಳು ಹುಚ್ಚಾಗಿ ಮಿಣುಕಿದವು. ಒಂದು ಸೆಕೆಂಡು. ಫ್ಯಾನಿನ ದನಿ ಕುಗ್ಗಿದಂತೆ ನನಗೆ ಕೇಳಿಸಿತು. ಎರಡು. ನಾನು ಯಾವುದನ್ನೋ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅದು ಲಕ್ಷ್ಮೀಶನ ತೋಳು ಎಂದು ಆಮೇಲೆ ತಿಳಿಯಿತು. ಮೂರು.

ಐದರ ದೀಪ ಆರಿತು. ನಾಲ್ಕರದೂ ಆರಿತು. ಎರಡನೆಯದು ಹಸಿರಾಗಿ, ನಿಧಾನವಾಗಿ, ಏನೂ ಆಗೇ ಇಲ್ಲವೆಂಬಂತೆ ಮಿಣುಕುತ್ತಿತ್ತು. ಬೆಲ್ಟು ಓಡುತ್ತಲೇ ಇತ್ತು. ಬೆಳ್ಳಗಿನ ತುರಿ ಆ ತುದಿಯಲ್ಲಿ ಮಲ್ಲಿಗೆಯ ಹಾಗೆ ಉದುರುತ್ತಿತ್ತು.

"ನಿಲ್ಲನೇ ಇಲ್ವಲ್ಲವ್ವ," ಎಂದಳು ಹನುಮಮ್ಮ, ಬೇಸರದಿಂದಲೇ.

ಕಲ್ಲೇಶಪ್ಪ ಐದು ನಿಮಿಷ ಗಡಿಯಾರ ನೋಡಿದರು. ಆಮೇಲೆ ಮೊಬೈಲ್ ತೆಗೆದು ತಿಪಟೂರಿನಲ್ಲಿ ಇಂಥದೇ ಕಾರ್ಖಾನೆ ಇಟ್ಟಿದ್ದ ಬೀಗರಿಗೆ ಫೋನ್ ಮಾಡಿ, ಕಾರ್ಖಾನೆಯೆಲ್ಲ ಕೇಳುವಂತೆ ಹೇಳಿದರು. "ನಿಮ್ಮ ಮಿಷನ್ನು ಫಾರಿನ್ನಿಂದ ಬಂದಿರ್ಬೋದು ಕಣ್ರೀ. ನಂದು ಅರಸೀಕೆರೇದು. ನೋಡ್ಬೇಕಾದ್ರೆ ಬನ್ನಿ!"

ಉಮಾಶಂಕರ್ ಸರ್ ಆಗ ಕೂತರು. ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. ನನ್ನ ಎದೆ ಉಬ್ಬಿತ್ತು. ಸುಳ್ಳು ಯಾಕೆ ಹೇಳಲಿ, ಅವತ್ತು ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಎಲ್ಲರೂ ಸಿಹಿ ಹಂಚಲು ಹೋದ ಮೇಲೆ ಲಕ್ಷ್ಮೀಶ ಪ್ಯಾನೆಲ್ ಬಾಗಿಲ ಒಳಮೈಯನ್ನು ತೋರಿಸಿದ. ಅಲ್ಲೊಂದು ಹೊಸ ಪಟ್ಟಿ. ಆ ದುಂಡನೆಯ ಅಕ್ಷರದಲ್ಲಿ:

'ಈ ಡಬ್ಬಿಯ ಒಳಗಿನ ಕೆಲಸ: ಧನುಶ್ರೀ, ಅರಸೀಕೆರೆ.'

"ಯಾವಾಗ ಕೊರೆದ್ರಿ?" ಎಂದೆ.

"ಹಳೇಬೀಡಿಂದ ಬಂದ ಮಾರನೇ ದಿನ."

"ಆಗಿನ್ನೂ ಸರಿಯಾಗಿರಲಿಲ್ಲ ಅದು! ಸೋತಿದ್ರೆ?"

"ಸೋತಿದ್ರೂ ಇರ್ತಿತ್ತು. ತಪ್ಪು ನಂದು ಅಂತ ಎಲ್ಲರ ಮುಂದೆ ಹೇಳಿದೋರ ಹೆಸರು ಅದು." ಅವನು ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ, ಪರದೆಯ ನೆಪವಿಲ್ಲದೆ.

ನಾನು ಪಟ್ಟಿಯನ್ನು ಮತ್ತೆ ನೋಡಿದೆ. ನನ್ನ ಹೆಸರಿನ ಕೆಳಗೆ ಅರ್ಧ ಪಟ್ಟಿ ಖಾಲಿ. ಒಂದು ವೈರು ಜೋತಾಡುವುದನ್ನು ಸಹಿಸದ ಮನುಷ್ಯ ಅರ್ಧ ಪಟ್ಟಿ ಖಾಲಿ ಬಿಡುತ್ತಾನೆಯೇ?

"ಇಲ್ಲಿ ಯಾಕೆ ಜಾಗ ಬಿಟ್ಟಿದೀರಿ?"

ಅವನ ಕಿವಿ ಕೆಂಪಾಯಿತು, ಸೇವಂತಿಗೆ ಎಸಳಿನ ದಿನದಂತೆಯೇ. "ಅದು... ನಾನೇ ಕೊರೆದ್ರೆ ಚೆನ್ನಾಗಿರಲ್ಲ ಅಂತ."

ನಾನು ಕೈ ಚಾಚಿದೆ. ಅವನು ಜೇಬಿನಿಂದ ಕೊರೆಯುವ ಉಳಿ ತೆಗೆದು ಕೊಟ್ಟ. ಅದು ಅವನ ಮೈಯ ಬಿಸಿಯಲ್ಲೇ ಇತ್ತು.

"ಕೈ ಹಿಡೀಲಾ? ಜಾರುತ್ತೆ ಅದು."

"ಆಮೇಲೆ ಹಿಡೀರಿ, ಬೇಡ ಅನ್ನಲ್ಲ. ಇದನ್ನ ಮಾತ್ರ ನಾನೇ ಮಾಡ್ತೀನಿ."

ಉಳಿ ಎರಡು ಸಲ ಜಾರಿತು. 'ಲ'ಕ್ಕೆ ಬಾಲ ಬಂತು, 'ಕ್ಷ್ಮೀ' ಗುಡ್ಡದ ಹಾಗೆ ಉಬ್ಬಿತು, 'ಶ'ಕ್ಕೆ ಜಾಗ ಸಾಲದೆ ಅಂಚಿಗೆ ಹೋಗಿ ಅಂಟಿಕೊಂಡಿತು. ಊದಿದೆ. ಪುಡಿ ಹಾರಿತು. ಜಿಲ್ಲೆಯಲ್ಲೇ ಅಚ್ಚುಕಟ್ಟಾದ ಪ್ಯಾನೆಲ್ಲಿನಲ್ಲಿ ಸೊಟ್ಟಗಿದ್ದದ್ದು ಆ ಒಂದು ಹೆಸರು ಮಾತ್ರ.

"ಮುಂದಿನ ಆಯುಧ ಪೂಜೆಗೆ ಇದನ್ನೂ ಒರೆಸಿ ಸರಿ ಮಾಡ್ಬಿಡ್ತೀರಾ?" ಎಂದು ಕೇಳಿದೆ.

ಲಕ್ಷ್ಮೀಶ ನನ್ನ ಕೈಯನ್ನು ಹಿಡಿದ, ಉಳಿಯ ಸಮೇತ.

"ಕುಂಕುಮ ಇಡ್ತೀನಿ," ಎಂದ. "ಎರಡು ಹೆಸರಿಗೂ."